‘ಸಂಶೋಧನೆಯಿಂದ ಸಾಬೀತಾಗಿದೆ’ ಎಂದು ಬರುವ ಕಾರ್ಯಕ್ರಮಗಳಲ್ಲಿ ಯಾವುದನ್ನು ಆರಿಸಬೇಕು, ತರಗತಿಗೆ ಹೇಗೆ ತರಬೇಕು?

ಪ್ರಶ್ನೆ: ನಾನು ಶಾಲೆಯೊಂದರ ಮುಖ್ಯ ಶಿಕ್ಷಕಿ. ‘ಸಂಶೋಧನೆಯಿಂದ ಸಾಬೀತಾಗಿದೆ’ ಎಂಬ ಹಣೆಪಟ್ಟಿ ಹೊತ್ತ ಕಾರ್ಯಕ್ರಮಗಳು ಒಂದರ ಹಿಂದೊಂದು ಬರುತ್ತಲೇ ಇವೆ. ತರಬೇತಿ ಆಗುತ್ತದೆ, ಕಿಟ್ ಬರುತ್ತದೆ, ವರ್ಷ ಕಳೆಯುವಷ್ಟರಲ್ಲಿ ಎಲ್ಲರೂ ಮರೆತಿರುತ್ತಾರೆ. ಮಕ್ಕಳ ಕಲಿಕೆಯಲ್ಲಿ ವ್ಯತ್ಯಾಸ ಕಾಣುತ್ತಿಲ್ಲ. ಈಗ ನಮ್ಮ ಭಾಗದ ಶಾಲೆಗಳ ಯೋಜನಾ ಸಮಿತಿಗೂ ನನ್ನನ್ನು ಸೇರಿಸಿದ್ದಾರೆ. ಯಾವ ಅಧ್ಯಯನವನ್ನು ನಂಬಬೇಕು? ಅದನ್ನು ತರಗತಿಗೆ ತರುವುದು ಹೇಗೆ? ಪ್ರಯೋಜನ ಆಯಿತೋ ಇಲ್ಲವೋ ಎಂದು ನಾವೇ ತಿಳಿಯುವುದು ಹೇಗೆ?

ಉತ್ತರ: ತೊಡಕು ಎಲ್ಲಿದೆ ಎಂಬುದು ನಿಮ್ಮ ಪತ್ರದಲ್ಲೇ ಕಾಣುತ್ತದೆ. ಪ್ರತಿ ಸಲ ಕಾರ್ಯಕ್ರಮ ಮೊದಲು ಬಂದಿದೆ. ಅದು ಯಾವ ಮಕ್ಕಳ ಯಾವ ಕೊರತೆಗೆ ಎಂದು ಯಾರೂ ಕೇಳಿದಂತಿಲ್ಲ. ಮೊದಲು ನಿಮ್ಮ ಮಕ್ಕಳಿಗೆ ಏನು ಬರುತ್ತದೆ, ಎಲ್ಲಿ ಸಿಕ್ಕಿಬಿದ್ದಿದ್ದಾರೆ ಎಂಬ ಪಟ್ಟಿ ಕೈಯಲ್ಲಿರಲಿ. ಆಮೇಲೆ ಅಧ್ಯಯನಗಳತ್ತ ಹೋಗಿ. ಹೋದಾಗಲೂ ‘ಇದು ಕೆಲಸ ಮಾಡುತ್ತದೆಯೇ’ ಎಂಬ ಪ್ರಶ್ನೆ ಸಾಲದು. ಇದರೊಳಗಿನ ಯಾವ ಭಾಗ ಫಲ ಕೊಟ್ಟಿತು, ಯಾವುದಕ್ಕೆ ಹೋಲಿಸಿ ಹಾಗೆಂದರು, ಆ ಭಾಗ ನಡೆಯಲು ಬೇಕಾದದ್ದು ನಮ್ಮಲ್ಲಿ ಇದೆಯೇ ಎಂದು ಕೇಳಬೇಕು. ಉತ್ತಮ ಅಧ್ಯಯನವೂ ಕೆಟ್ಟ ನಿರ್ಧಾರಕ್ಕೆ ದಾರಿಯಾಗುವುದು ಈ ಪ್ರಶ್ನೆಗಳನ್ನು ಬಿಟ್ಟಾಗಲೇ.

ಕೊರತೆಯನ್ನು ಹುಡುಕುವುದು

‘ಮಕ್ಕಳು ಓದಿನಲ್ಲಿ ಹಿಂದಿದ್ದಾರೆ’ ಎಂಬ ಮಾತಿನಿಂದ ಯಾವ ನಿರ್ಧಾರಕ್ಕೂ ಬರಲಾಗುವುದಿಲ್ಲ. ಅಕ್ಷರ ಗುರುತಿಸಲಾಗದ ಮಗು, ಪದ ಓದಿದರೂ ವಾಕ್ಯದಲ್ಲಿ ಎಡವುವ ಮಗು, ಸರಾಗವಾಗಿ ಓದಿಯೂ ಅರ್ಥ ಹೇಳಲಾಗದ ಮಗು, ಮೂವರೂ ಲಿಖಿತ ಪರೀಕ್ಷೆಯಲ್ಲಿ ಒಂದೇ ಅಂಕ ಪಡೆಯಬಹುದು. ಮೂವರಿಗೂ ಬೇಕಾದ ಪಾಠ ಬೇರೆ ಬೇರೆ. ಆದ್ದರಿಂದ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಓದಿಸಿ: ಕೆಲವು ಅಕ್ಷರ, ಕೆಲವು ಸರಳ ಪದ, ನಾಲ್ಕು ವಾಕ್ಯದ ಪ್ಯಾರಾ, ಎಂಟು-ಹತ್ತು ವಾಕ್ಯದ ಕಥೆ, ಅದರ ಮೇಲೆ ಎರಡು ಪ್ರಶ್ನೆ. ಮಗು ಎಲ್ಲಿ ನಿಲ್ಲುತ್ತದೋ ಅದೇ ಅದರ ಹಂತ. ಒಬ್ಬರಿಗೆ 5 ನಿಮಿಷ ಹಿಡಿದರೆ 40 ಮಕ್ಕಳಿಗೆ 200 ನಿಮಿಷ, ಅಂದರೆ 40 ನಿಮಿಷದ ಐದು ಪೀರಿಯಡ್. ಇಡೀ ವರ್ಷದಲ್ಲಿ ಇಷ್ಟು ಲಾಭ ತರುವ ಐದು ಪೀರಿಯಡ್ ಬೇರೆ ಸಿಗುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಗಣಿತದಲ್ಲಿ ಅಂಕಕ್ಕಿಂತ ತಪ್ಪಿನ ಬಗೆಯನ್ನು ನೋಡಿ. 52ರಲ್ಲಿ 38 ಕಳೆದು 26 ಎಂದು ಬರೆದ ಮಗು ಅಜಾಗರೂಕವಾಗಿಲ್ಲ. ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕೆಂಬ ತಪ್ಪು ನಿಯಮವನ್ನು ಅದು ಶಿಸ್ತಿನಿಂದ ಪಾಲಿಸುತ್ತಿದೆ. ಅದಕ್ಕೆ ಇನ್ನಷ್ಟು ಲೆಕ್ಕ ಕೊಟ್ಟರೆ ತಪ್ಪೇ ಗಟ್ಟಿಯಾಗುತ್ತದೆ; ಸ್ಥಾನಬೆಲೆಯನ್ನು ಕಟ್ಟು-ಬಿಡಿಗಳಲ್ಲಿ ಮತ್ತೆ ಕಲಿಸಬೇಕು.

40 ಮಕ್ಕಳಲ್ಲಿ 15 ಮಂದಿ ಪದದ ಹಂತದಲ್ಲೇ ನಿಂತಿದ್ದಾರೆ ಎಂದು ಗೊತ್ತಾದರೆ, ‘ಗ್ರಹಿಕೆಯ ತಂತ್ರಗಳು’ ಕಲಿಸುವ ಕಾರ್ಯಕ್ರಮ ಎಷ್ಟೇ ಪ್ರಸಿದ್ಧವಾಗಿದ್ದರೂ ಆ 15 ಮಂದಿಗೆ ಅಲ್ಲ ಎಂಬುದು ಅಲ್ಲಿಗೇ ತೀರ್ಮಾನವಾಯಿತು. ಕೊರತೆಯ ಪಟ್ಟಿಯೇ ಮೊದಲ ಜರಡಿ.

ಅಧ್ಯಯನವನ್ನು ಓದುವ ಬಗೆ

ಕಾರ್ಯಕ್ರಮದವರು ತೋರಿಸುವ ಕರಪತ್ರ ಸಾಲದು, ಮೂಲ ವರದಿಯನ್ನೇ ಕೇಳಿ ಪಡೆಯಿರಿ. ಪೂರ್ತಿ ಓದಲು ಬಿಡುವಿಲ್ಲದಿದ್ದರೂ ಕೆಲವು ವಿಷಯ ಹುಡುಕಲೇಬೇಕು.

ಹೋಲಿಕೆ ಗುಂಪು, ಅಂದರೆ ಕಾರ್ಯಕ್ರಮ ಸಿಗದ ಮಕ್ಕಳ ಗುಂಪು, ಇತ್ತೇ? ‘ಕಾರ್ಯಕ್ರಮಕ್ಕೆ ಮೊದಲು 42, ಆಮೇಲೆ 58’ ಎಂಬ ಲೆಕ್ಕಕ್ಕೆ ಹೆಚ್ಚು ಅರ್ಥವಿಲ್ಲ. ಮಕ್ಕಳು ಬೆಳೆಯುತ್ತಾರೆ, ಪಾಠಗಳು ಹೇಗೂ ನಡೆಯುತ್ತವೆ, ಎರಡನೆಯ ಪರೀಕ್ಷೆ ಸುಲಭವಿದ್ದಿರಬಹುದು. ಹೋಲಿಕೆ ಗುಂಪು ಇದ್ದರೆ, ಯಾರು ಯಾವ ಗುಂಪಿಗೆ ಎಂದು ನಿರ್ಧರಿಸಿದ್ದು ಹೇಗೆ? ಆಸಕ್ತಿಯಿಂದ ಮುಂದೆ ಬಂದ ಶಾಲೆಗಳನ್ನು ಬಾರದ ಶಾಲೆಗಳಿಗೆ ಹೋಲಿಸಿದರೆ ನಾವು ಅಳೆಯುವುದು ಮುಖ್ಯವಾಗಿ ಆಸಕ್ತಿಯನ್ನು. ಚೀಟಿ ಎತ್ತಿ ಹಂಚಿದ್ದರೆ ಆ ಅನುಮಾನ ಇರುವುದಿಲ್ಲ. ಹೋಲಿಕೆ ಗುಂಪಿನ ಮಕ್ಕಳು ಆ ಸಮಯದಲ್ಲಿ ಏನು ಮಾಡುತ್ತಿದ್ದರು ಎಂದೂ ನೋಡಿ. ಒಂದು ಗುಂಪಿಗೆ ದಿನಕ್ಕೆ ಅರ್ಧ ಗಂಟೆ ಹೆಚ್ಚು ಪಾಠ ಸಿಕ್ಕಿ ಇನ್ನೊಂದಕ್ಕೆ ಸಿಗದಿದ್ದರೆ, ಗೆದ್ದದ್ದು ವಿಧಾನವೋ ಆ ಅರ್ಧ ಗಂಟೆಯೋ ಹೇಳಲಾಗದು.

ಪರೀಕ್ಷೆ ಯಾರದ್ದು? ಇದನ್ನು ಬಹಳ ಜನ ಮರೆಯುತ್ತಾರೆ. ಅಲನ್ ಚ್ಯೂಂಗ್ ಮತ್ತು ರಾಬರ್ಟ್ ಸ್ಲಾವಿನ್ 2016ರಲ್ಲಿ 645 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಸಂಶೋಧಕರು ತಾವೇ ರೂಪಿಸಿದ ಪರೀಕ್ಷೆಗಳಲ್ಲಿ ಸರಾಸರಿ ಪರಿಣಾಮ 0.40 ಇತ್ತು, ಹೊರಗಿನ ಪರೀಕ್ಷೆಗಳಲ್ಲಿ 0.20. ತಾನು ಕಲಿಸಿದ್ದನ್ನೇ ಕೇಳುವ ಪರೀಕ್ಷೆ ತನ್ನ ಕಾರ್ಯಕ್ರಮಕ್ಕೆ ಅನುಕೂಲವಾಗಿಯೇ ಇರುತ್ತದೆ. ಸಣ್ಣ ಅಧ್ಯಯನಗಳಲ್ಲೂ ಪರಿಣಾಮ ಉಬ್ಬಿ ಕಾಣುತ್ತದೆ ಎಂದು ಅದೇ ವಿಶ್ಲೇಷಣೆ ತೋರಿಸಿತು.

ಈ 0.20, 0.40 ಎಂದರೇನು? ಎರಡು ಗುಂಪುಗಳ ಸರಾಸರಿಯ ಅಂತರವನ್ನು ಅಂಕಗಳ ಮಾನಕ ವಿಚಲನೆಯಿಂದ (ಅಂಕಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ದೂರ ಹರಡಿವೆ ಎಂಬ ಅಳತೆ) ಭಾಗಿಸಿದರೆ ಬರುವ ಸಂಖ್ಯೆ. ಇದನ್ನು ಎಫೆಕ್ಟ್ ಸೈಜ್ ಎನ್ನುತ್ತಾರೆ. 0.20 ಎಂದರೆ, 100 ಮಕ್ಕಳ ಸಾಲಿನಲ್ಲಿ ನಡುವೆ ನಿಂತ ಮಗು ಸುಮಾರು ಎಂಟು ಮಕ್ಕಳನ್ನು ದಾಟಿ ಮುಂದೆ ಹೋದಂತೆ. ‘0.40ಕ್ಕಿಂತ ಕಡಿಮೆ ಇದ್ದರೆ ತಲೆಕೆಡಿಸಿಕೊಳ್ಳಬೇಡಿ’ ಎಂಬ ಮಾತು ತರಬೇತಿಗಳಲ್ಲಿ ಹರಿದಾಡುತ್ತದೆ. ಅದನ್ನು ಬಿಟ್ಟುಬಿಡಿ. ಗುಣಮಟ್ಟ ನೋಡದೆ ಎಲ್ಲ ಬಗೆಯ ಅಧ್ಯಯನಗಳನ್ನೂ ಒಂದೇ ರಾಶಿಗೆ ಹಾಕಿ ತೆಗೆದ ಸರಾಸರಿ ಅದು. ಮ್ಯಾಥ್ಯೂ ಕ್ರಾಫ್ಟ್ 2020ರಲ್ಲಿ ಚೀಟಿ ಎತ್ತಿ ಹಂಚಿದ 747 ಪ್ರಯೋಗಗಳನ್ನು ಆಧರಿಸಿ ಬೇರೆ ಅಳತೆಗೋಲು ಕೊಟ್ಟರು: 0.05ಕ್ಕಿಂತ ಕಡಿಮೆ ಸಣ್ಣದು, 0.05ರಿಂದ 0.20ರವರೆಗೆ ಮಧ್ಯಮ, ಅದಕ್ಕಿಂತ ಮೇಲೆ ದೊಡ್ಡದು. ಜೊತೆಗೆ ಖರ್ಚನ್ನೂ ಪಕ್ಕದಲ್ಲಿಟ್ಟು ನೋಡಿ ಎಂದರು. ಇಂಗ್ಲೆಂಡ್ ಮತ್ತು ಅಮೆರಿಕದಲ್ಲಿ ನಡೆದ ಇಂಥ 141 ದೊಡ್ಡ ಪ್ರಯೋಗಗಳನ್ನು 2019ರಲ್ಲಿ ಪರಿಶೀಲಿಸಿದಾಗ ಸರಾಸರಿ ಪರಿಣಾಮ 0.06 ಮಾತ್ರ. ಆದ್ದರಿಂದ ಯಾರಾದರೂ 0.8 ಎಂದರೆ ಖುಷಿಪಡುವ ಮೊದಲು ಪರೀಕ್ಷೆ ಯಾರದ್ದು, ಮಕ್ಕಳು ಎಷ್ಟು, ಎಷ್ಟು ವಾರ ನಡೆಯಿತು ಎಂದು ಕೇಳಿ.

‘ಇಷ್ಟು ತಿಂಗಳ ಹೆಚ್ಚಿನ ಪ್ರಗತಿ’ ಎಂದು ಪರಿವರ್ತಿಸಿ ಹೇಳುವುದೂ ರೂಢಿಯಲ್ಲಿದೆ. ಕೇಳಲು ಸುಲಭ, ಆದರೆ ವಯಸ್ಸಿಗೆ ತಕ್ಕಂತೆ ಅರ್ಥ ಬದಲಾಗುತ್ತದೆ. ಅಮೆರಿಕದ ಓದಿನ ಪರೀಕ್ಷೆಗಳಲ್ಲಿ ಒಂದನೇ ತರಗತಿಯಿಂದ ಎರಡನೆಯದಕ್ಕೆ ಒಂದು ವರ್ಷದ ಸಹಜ ಬೆಳವಣಿಗೆ ಸುಮಾರು 1 ಮಾನಕ ವಿಚಲನೆ. ಹನ್ನೊಂದರಿಂದ ಹನ್ನೆರಡಕ್ಕೆ 0.1ಕ್ಕೂ ಕಡಿಮೆ. ಅದೇ 0.1 ಚಿಕ್ಕ ಮಗುವಿಗೆ ಒಂದು ತಿಂಗಳಾದರೆ ದೊಡ್ಡ ಮಗುವಿಗೆ ಒಂದು ವರ್ಷಕ್ಕೂ ಹೆಚ್ಚು.

ಒಂದು ಕಡೆ ಫಲಿಸಿದ್ದು ಇನ್ನೊಂದು ಕಡೆ ಏಕೆ ಫಲಿಸುವುದಿಲ್ಲ

ಅಮೆರಿಕದ ಟೆನೆಸ್ಸೀ ರಾಜ್ಯ 1985ರಲ್ಲಿ ಆರಂಭಿಸಿದ ‘ಸ್ಟಾರ್’ ಪ್ರಯೋಗ ಈ ಕ್ಷೇತ್ರದ ಅತ್ಯಂತ ಗಟ್ಟಿ ಅಧ್ಯಯನಗಳಲ್ಲಿ ಒಂದು. 79 ಶಾಲೆಗಳ 11,000ಕ್ಕೂ ಹೆಚ್ಚು ಮಕ್ಕಳನ್ನೂ ಅವರ ಶಿಕ್ಷಕರನ್ನೂ ಚೀಟಿ ಎತ್ತಿದಂತೆ ಹಂಚಿದರು: 13ರಿಂದ 17 ಮಕ್ಕಳ ಸಣ್ಣ ತರಗತಿ, 22ರಿಂದ 25ರ ಸಾಮಾನ್ಯ ತರಗತಿ, ಸಹಾಯಕರೊಬ್ಬರಿರುವ ಸಾಮಾನ್ಯ ತರಗತಿ. ಸಣ್ಣ ತರಗತಿಯ ಮಕ್ಕಳು ಸುಮಾರು 0.2ರಷ್ಟು ಮುಂದೆ ಬಂದರು; ಸಹಾಯಕರಿದ್ದ ತರಗತಿಯಲ್ಲಿ ಹೇಳಿಕೊಳ್ಳುವ ಲಾಭ ಕಾಣಲಿಲ್ಲ. 1996ರಲ್ಲಿ ಕ್ಯಾಲಿಫೋರ್ನಿಯಾ ಇಡೀ ರಾಜ್ಯದಲ್ಲಿ ಒಮ್ಮೆಲೇ ಕೆಳಗಿನ ತರಗತಿಗಳನ್ನು ಸುಮಾರು 30ರಿಂದ 20ಕ್ಕೆ ಇಳಿಸಿತು. ಸಾವಿರಾರು ಹೊಸ ಶಿಕ್ಷಕರು ಒಂದೇ ಸಲ ಬೇಕಾದರು. ಪೂರ್ಣ ಅರ್ಹತೆ ಇಲ್ಲದವರನ್ನು ತೆಗೆದುಕೊಳ್ಳಬೇಕಾಯಿತು, ಅನುಭವಿಗಳು ಅನುಕೂಲವಂತ ಶಾಲೆಗಳಿಗೆ ಹೋದರು, ಬಡ ಮಕ್ಕಳ ಶಾಲೆಗಳಿಗೆ ಅನನುಭವಿಗಳು ಉಳಿದರು, ಕೋಣೆ ಸಾಲದೆ ಗ್ರಂಥಾಲಯಗಳೂ ತರಗತಿಗಳಾದವು. ಅಧ್ಯಯನ ಸುಳ್ಳಾಗಿರಲಿಲ್ಲ. ‘ಒಳ್ಳೆಯ ಶಿಕ್ಷಕರೂ ಕೋಣೆಗಳೂ ಇವೆ’ ಎಂಬ, ಟೆನೆಸ್ಸೀಯಲ್ಲಿ ಯಾರೂ ಬರೆದಿಡದೆಯೇ ಈಡೇರಿದ್ದ ಷರತ್ತು ಕ್ಯಾಲಿಫೋರ್ನಿಯಾದಲ್ಲಿ ಈಡೇರಲಿಲ್ಲ.

ಪಠ್ಯಪುಸ್ತಕದ ಉದಾಹರಣೆ ಇನ್ನೂ ಕಣ್ಣು ತೆರೆಸುವಂಥದ್ದು. ಪುಸ್ತಕವಿಲ್ಲದ ಶಾಲೆಗೆ ಪುಸ್ತಕ ಕೊಟ್ಟರೆ ಕಲಿಕೆ ಹೆಚ್ಚೀತು ಎಂದು ಯಾರಿಗಾದರೂ ಅನ್ನಿಸುತ್ತದೆ. ಗ್ಲೂವ್, ಕ್ರೀಮರ್ ಮತ್ತು ಮೂಲಿನ್ ಕೀನ್ಯಾದ ಗ್ರಾಮೀಣ ಶಾಲೆಗಳಲ್ಲಿ ಪರೀಕ್ಷಿಸಿದಾಗ ಸರಾಸರಿ ಅಂಕ ಏರಲಿಲ್ಲ. ಮೊದಲೇ ಮುಂದಿದ್ದ ಮಕ್ಕಳಿಗೆ ಮಾತ್ರ ಲಾಭವಾಯಿತು. ಪುಸ್ತಕ ಇಂಗ್ಲಿಷಿನಲ್ಲಿತ್ತು, ಅದು ಬಹುತೇಕ ಮಕ್ಕಳಿಗೆ ಮೂರನೆಯ ಭಾಷೆ. ಓದಲಾಗದ ಮಗುವಿಗೆ ಪುಸ್ತಕ ಸಿಕ್ಕರೂ ಸಿಗದಿದ್ದರೂ ಒಂದೇ. ಆರಂಭದ ಐದು ಪೀರಿಯಡ್‌ಗಳ ಓದಿನ ಪರೀಕ್ಷೆ ಏಕೆ ಬೇಕೆಂದು ಇದು ಹೇಳುತ್ತದೆ.

ಈ ಎಲ್ಲವನ್ನೂ ಒಂದೇ ಕಡೆ ಕಾಣಬೇಕಾದರೆ ‘ಪ್ರಥಮ್’ ಎಂಬ ಸ್ವಯಂಸೇವಾ ಸಂಸ್ಥೆ ಬೆಳೆಸಿದ, ಮಗುವಿನ ಹಂತಕ್ಕೆ ತಕ್ಕಂತೆ ಕಲಿಸುವ ವಿಧಾನದ ಚರಿತ್ರೆ ನೋಡಬೇಕು. ಸಮಿತಿಯಲ್ಲಿರುವವರೆಲ್ಲರೂ ಇದನ್ನು ತಿಳಿದಿರಬೇಕು. ವಿಧಾನ ಸರಳ: ಮಕ್ಕಳನ್ನು ಒಬ್ಬೊಬ್ಬರಾಗಿ ಪರೀಕ್ಷಿಸಿ, ತರಗತಿಯನ್ನು ಬದಿಗಿಟ್ಟು ಹಂತದ ಪ್ರಕಾರ ಗುಂಪು ಮಾಡಿ, ಪ್ರತಿ ಗುಂಪಿಗೂ ಅದರ ಹಂತದ ಚಟುವಟಿಕೆ ಕೊಡುವುದು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರು ಹಲವು ವರ್ಷ ಹಲವು ರಾಜ್ಯಗಳಲ್ಲಿ ಇದನ್ನು ಪ್ರಯೋಗಕ್ಕೆ ಒಡ್ಡಿದರು. ಸ್ವಯಂಸೇವಕರು ನಡೆಸಿದಾಗ ಫಲ ಬಂತು. 2008ರ ಬೇಸಿಗೆಯಲ್ಲಿ ಬಿಹಾರದ ಸರ್ಕಾರಿ ಶಿಕ್ಷಕರೇ ಶಿಬಿರ ನಡೆಸಿದಾಗಲೂ ಬಂತು. ಆದರೆ ಬಿಹಾರ ಮತ್ತು ಉತ್ತರಾಖಂಡದಲ್ಲಿ ಶಾಲಾ ದಿನಗಳಲ್ಲಿ ಸರ್ಕಾರಿ ಶಿಕ್ಷಕರಿಗೆ ತರಬೇತಿಯನ್ನೂ ಸಾಮಗ್ರಿಯನ್ನೂ ಕೊಟ್ಟು ಬಿಟ್ಟಾಗ ಏನೂ ಬರಲಿಲ್ಲ. ಬೇಸಿಗೆಯ ಫಲಿತಾಂಶ ಎದುರಿಗೆ ಇದ್ದುದರಿಂದ ‘ಶಿಕ್ಷಕರಿಗೆ ಸಾಮರ್ಥ್ಯವಿಲ್ಲ’ ಎನ್ನುವಂತಿರಲಿಲ್ಲ. ಶಾಲೆ ತೆರೆದ ಕೂಡಲೇ ಅವರ ಮೇಲೆ ಸಿಲೆಬಸ್ ಮುಗಿಸುವ ಒತ್ತಡ ಬೀಳುತ್ತಿತ್ತು, ಹೊಸ ವಿಧಾನಕ್ಕೆ ಜಾಗವೇ ಇರಲಿಲ್ಲ.

ಈ ಕಾರಣ ಹಿಡಿದುಕೊಂಡು 2012–13ರಲ್ಲಿ ಹರಿಯಾಣದಲ್ಲಿ ಬೇರೆ ಏರ್ಪಾಟು ಮಾಡಿದರು. ದಿನಕ್ಕೆ ಒಂದು ಗಂಟೆ ಇದಕ್ಕೇ ಮೀಸಲು. ಆ ಗಂಟೆಯಲ್ಲಿ ಮಕ್ಕಳು ತರಗತಿ ಬಿಟ್ಟು ಹಂತದ ಗುಂಪಿನಲ್ಲಿ ಕೂರಬೇಕು. ಮೇಲ್ವಿಚಾರಕರು ಮೊದಲು ತಾವೇ ಸುಮಾರು ಮೂರು ವಾರ ಮಕ್ಕಳಿಗೆ ಈ ವಿಧಾನದಲ್ಲಿ ಕಲಿಸಬೇಕು, ಆಮೇಲೆ ಶಿಕ್ಷಕರಿಗೆ ಮಾರ್ಗದರ್ಶನ. ಹಿಂದಿ ಓದಿನಲ್ಲಿ 0.15ರಷ್ಟು ಏರಿಕೆ ಬಂತು. ಮಕ್ಕಳ ಮಟ್ಟ ಇನ್ನೂ ಕೆಳಗಿದ್ದ ಉತ್ತರ ಪ್ರದೇಶದಲ್ಲಿ 2013–14ರಲ್ಲಿ ಸಂಸ್ಥೆಯ ತಂಡವೇ ಶಾಲೆಯೊಳಗೆ ಕೆಲವು ದಿನಗಳ ಶಿಬಿರಗಳನ್ನು ನಡೆಸಿತು. ಅಲ್ಲಿ ಏರಿಕೆ 0.6–0.7. ಕಲಿಸುವ ವಿಧಾನ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ, ಫಲಿತಾಂಶ ಸೊನ್ನೆಯಿಂದ 0.7ರವರೆಗೆ. ಹಾಗಾಗಿ ‘ಹಂತಕ್ಕೆ ತಕ್ಕ ಬೋಧನೆ ಕೆಲಸ ಮಾಡುತ್ತದೆಯೇ’ ಎಂದು ಕೇಳಿದರೆ ಉತ್ತರ ಅಪೂರ್ಣವೇ. ಮೀಸಲು ಗಂಟೆ ಇದೆಯೇ, ಗುಂಪು ನಿಜವಾಗಿ ಬದಲಾಗುತ್ತದೆಯೇ, ಮಾಡಿ ತಿಳಿದವರು ಮಾರ್ಗದರ್ಶನಕ್ಕೆ ಇದ್ದಾರೆಯೇ ಎಂದು ಕೇಳಬೇಕು.

ಯಾವ ಕಾರ್ಯಕ್ರಮ ಬಂದರೂ ಅದರ ಭಾಗಗಳನ್ನು ಹೀಗೆ ಎರಡು ಪಟ್ಟಿ ಮಾಡಿ: ಮುಟ್ಟಬಾರದವು, ಬದಲಿಸಬಹುದಾದವು. ಮೇಲೆ ಹೇಳಿದ ಹಂತದ ಬೋಧನೆಯಲ್ಲಿ ಒಬ್ಬೊಬ್ಬರ ಪರೀಕ್ಷೆ, ಹಂತದ ಗುಂಪು, ಮೀಸಲು ಗಂಟೆ, ಕೆಲವು ವಾರಕ್ಕೊಮ್ಮೆ ಮರುಪರೀಕ್ಷೆ ಮುಟ್ಟಬಾರದವು. ಕಥೆಗಳು, ಕಾರ್ಡುಗಳು, ಗಂಟೆ ಬೆಳಿಗ್ಗೆಯೋ ಮಧ್ಯಾಹ್ನವೋ ಎಂಬುದು ನಿಮ್ಮಿಷ್ಟ. ಸಾಮಾನ್ಯವಾಗಿ ನಡೆಯುವುದು ಇದರ ತದ್ವಿರುದ್ಧ: ಕಾರ್ಡುಗಳು ಚಾಚೂತಪ್ಪದೆ ಬರುತ್ತವೆ, ಮೀಸಲು ಗಂಟೆ ಮೊದಲ ತಿಂಗಳಲ್ಲೇ ಕಾಣೆಯಾಗುತ್ತದೆ.

ತರಗತಿಯಲ್ಲಿ ಮೊದಲು ಯಾವುದಕ್ಕೆ ಕೈ ಹಾಕುವುದು

ಕಿಟ್ ಬೇಡದ, ಖರ್ಚಿಲ್ಲದ, ಸಾಕ್ಷ್ಯ ಗಟ್ಟಿಯಾಗಿರುವ ಒಂದು ಅಭ್ಯಾಸದಿಂದ ಶುರುಮಾಡಿ: ಪುಸ್ತಕ ಮುಚ್ಚಿ ನೆನಪಿನಿಂದ ಬರೆಸುವುದು. ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ವಿದ್ಯಾರ್ಥಿಗಳಿಗೆ ಗದ್ಯಭಾಗ ಕೊಟ್ಟರು. ಒಂದು ಗುಂಪು ಅದನ್ನು ನಾಲ್ಕು ಅವಧಿಗಳಲ್ಲಿ ಓದಿತು. ಇನ್ನೊಂದು ಗುಂಪು ಒಂದು ಅವಧಿ ಓದಿ, ಮೂರು ಅವಧಿ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಓದಿದವರೇ ಮುಂದು: ಅವರಿಗೆ 83 ಶೇಕಡಾ ನೆನಪಿತ್ತು, ಬರೆದವರಿಗೆ 71. ಒಂದು ವಾರದ ನಂತರ ಓದಿದವರು 40ಕ್ಕೆ ಇಳಿದರು, ಬರೆದವರು 61ರಲ್ಲಿದ್ದರು. ಪಾಠ ಮುಗಿದ ತಕ್ಷಣ ಪರೀಕ್ಷಿಸಿದರೆ ನಾವು ಕೆಟ್ಟ ವಿಧಾನವನ್ನೇ ಆರಿಸುತ್ತೇವೆ ಎಂಬ ಎಚ್ಚರಿಕೆಯೂ ಇದರಲ್ಲಿದೆ.

ಮಾಡುವುದು ಹೀಗೆ. ಪೀರಿಯಡ್ ಶುರುವಾದ ಕೂಡಲೇ ಆರು ಪ್ರಶ್ನೆ, ಆರೇಳು ನಿಮಿಷ. ಎರಡು ನಿನ್ನೆಯ ಪಾಠದ್ದು, ಎರಡು ಕಳೆದ ವಾರದ್ದು, ಎರಡು ಕಳೆದ ತಿಂಗಳದ್ದು. ಎಲ್ಲರೂ ಬರೆಯಬೇಕು. ಮುಗಿದ ತಕ್ಷಣ ಸರಿಯುತ್ತರ ಬೋರ್ಡಿನ ಮೇಲೆ, ಮಕ್ಕಳೇ ತಿದ್ದಿಕೊಳ್ಳಲಿ. ಅಂಕ ದಾಖಲಿಸಬೇಡಿ. ಯಾವ ಪ್ರಶ್ನೆಗೆ ಎಷ್ಟು ಕೈ ಎದ್ದವು ಎಂದಷ್ಟೇ ನೋಡಿಕೊಳ್ಳಿ.

ಕೆಡುವುದು ಎಲ್ಲಿ? ಶಿಕ್ಷಕರು ಬಾಯಲ್ಲಿ ಪ್ರಶ್ನೆ ಕೇಳಿ ಒಬ್ಬರಿಂದ ಉತ್ತರ ಪಡೆದರೆ ನೆನಪಿಸಿಕೊಂಡದ್ದು ಆ ಒಂದು ಮಗು ಮಾತ್ರ. ಅಂಕ ಸೇರಿಸಿದರೆ ಅದು ಇನ್ನೊಂದು ಪರೀಕ್ಷೆಯಾಗಿ, ಮಕ್ಕಳು ಪಕ್ಕದವರದನ್ನು ನೋಡಿ ಬರೆಯುತ್ತಾರೆ. ಸರಿಯುತ್ತರ ಹೇಳದೆ ಬಿಟ್ಟರೆ ತಪ್ಪೇ ಉಳಿಯುತ್ತದೆ. ಅರ್ಧಕ್ಕಿಂತ ಕಡಿಮೆ ಮಕ್ಕಳು ಬರೆಯಬಲ್ಲ ಪ್ರಶ್ನೆಯಾದರೆ ಅದು ನೆನಪಿನ ವಿಷಯವಲ್ಲ, ಪಾಠವೇ ತಲುಪಿಲ್ಲ; ಆ ದಿನ ಮತ್ತೆ ಕಲಿಸಿ. ಇಸವಿ, ಹೆಸರುಗಳನ್ನಷ್ಟೇ ಕೇಳುತ್ತಾ ಹೋದರೆ ಮಕ್ಕಳು ಇಸವಿ, ಹೆಸರುಗಳನ್ನಷ್ಟೇ ಕಲಿಯುತ್ತಾರೆ. ಆರರಲ್ಲಿ ಎರಡಾದರೂ ‘ಏಕೆ’, ‘ಹೇಗೆ’ ಎಂದಿರಲಿ.

ಹಳೆಯ ಪಾಠದ ಪ್ರಶ್ನೆ ಸೇರಿಸುವುದು ಅಂತರ ಬಿಟ್ಟು ಅಭ್ಯಾಸ ಮಾಡಿಸುವುದಕ್ಕಾಗಿ. ಸೆಪೆಡಾ ಮತ್ತು ಸಂಗಡಿಗರ 2008ರ ಅಧ್ಯಯನದ ಪ್ರಕಾರ ಸರಿಯಾದ ಅಂತರ ಎಷ್ಟು ಎಂಬುದು ಎಷ್ಟು ಕಾಲ ನೆನಪಿರಬೇಕು ಎಂಬುದರ ಮೇಲೆ ನಿಂತಿದೆ: ಕೆಲವು ವಾರ ನೆನಪಿರಬೇಕಾದರೆ ಆ ಅವಧಿಯ ಸುಮಾರು ಐದನೇ ಒಂದು ಭಾಗ, ಒಂದು ವರ್ಷ ನೆನಪಿರಬೇಕಾದರೆ ಶೇಕಡಾ 5–10, ಅಂದರೆ ಮೂರರಿಂದ ಐದು ವಾರ. ಗಣಿತದ ಮನೆಗೆಲಸದಲ್ಲಿ ಒಂದೇ ಬಗೆಯ ಹತ್ತು ಲೆಕ್ಕದ ಬದಲು ಹಳೆಯ ಬಗೆಗಳನ್ನೂ ಬೆರೆಸಿ ಕೊಡಿ. ರೋಹ್ರರ್ ತಂಡ 54 ಏಳನೇ ತರಗತಿಗಳಲ್ಲಿ ಇದನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿತು. ಒಂದು ತಿಂಗಳ ನಂತರದ ಪರೀಕ್ಷೆಯಲ್ಲಿ ಬೆರೆಸಿ ಮಾಡಿದವರಿಗೆ 61 ಶೇಕಡಾ, ಒಂದೇ ಬಗೆ ಮಾಡಿದವರಿಗೆ 38. ಮಕ್ಕಳೂ ಪೋಷಕರೂ ಮೊದಮೊದಲು ದೂರುತ್ತಾರೆ, ಏಕೆಂದರೆ ಮನೆಗೆಲಸದಲ್ಲಿ ತಪ್ಪು ಹೆಚ್ಚಾಗುತ್ತದೆ. ಯಾವ ವಿಧಾನ ಎಲ್ಲಿ ಬಳಸಬೇಕೆಂದು ಮಗುವೇ ಆರಿಸಬೇಕಾಗಿ ಬರುವುದರಿಂದ ಆ ತಪ್ಪುಗಳು. ಕಲಿಕೆ ನಡೆಯುವುದೂ ಅಲ್ಲೇ. ಇದನ್ನು ಪೋಷಕರಿಗೆ ಮುಂಚೆಯೇ ಹೇಳಿಡಿ.

ತಿದ್ದುವಿಕೆಯ ಬಗ್ಗೆ ಒಂದು ಮಾತು. ‘ಫೀಡ್‌ಬ್ಯಾಕ್ ಕೊಟ್ಟರೆ ಕಲಿಕೆ ಹೆಚ್ಚುತ್ತದೆ’ ಎಂಬುದು ಸರಾಸರಿಯಲ್ಲಿ ನಿಜ. ಕ್ಲೂಗರ್ ಮತ್ತು ಡಿನಿಸಿ 1996ರಲ್ಲಿ 607 ಫಲಿತಾಂಶಗಳನ್ನು ಒಟ್ಟುಗೂಡಿಸಿದಾಗ ಸರಾಸರಿ 0.41 ಬಂತು. ಆದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಫೀಡ್‌ಬ್ಯಾಕ್ ಕೊಟ್ಟಮೇಲೆ ಸಾಧನೆ ಕುಗ್ಗಿತ್ತು. ಗಮನ ಕೆಲಸದಿಂದ ‘ನಾನು ಜಾಣನೋ ದಡ್ಡನೋ’ ಎಂಬತ್ತ ಹೊರಳಿದಾಗ ಹೀಗಾಗುತ್ತದೆ ಎಂಬುದು ಅವರ ವಿವರಣೆ. ಆದ್ದರಿಂದ ‘ತುಂಬಾ ಚೆನ್ನಾಗಿದೆ’, ‘ಇನ್ನೂ ಶ್ರಮಪಡಬೇಕು’ ಬೇಡ. ‘ಮೂರನೇ ಸಾಲಿನಲ್ಲಿ ಚಿಹ್ನೆ ಬದಲಾಗಿದೆ, ಅಲ್ಲಿಂದ ಮತ್ತೆ ಮಾಡು’ ಎಂದು ಬರೆದು, ಮತ್ತೆ ಮಾಡಲು ಐದು ನಿಮಿಷವನ್ನೂ ತರಗತಿಯಲ್ಲೇ ಕೊಡಿ. ಆ ಐದು ನಿಮಿಷ ಇಲ್ಲದಿದ್ದರೆ ನೋಟ್‌ಬುಕ್ ತಿದ್ದಲು ನೀವು ಕಳೆದ ಸಂಜೆಯೆಲ್ಲ ವ್ಯರ್ಥ.

ನಿಮ್ಮ ಶಾಲೆಯಲ್ಲಿ ಫಲ ಬಂತೇ ಎಂದು ನೋಡುವುದು

‘ಎ’ ಸೆಕ್ಷನ್‌ನಲ್ಲಿ ಹೊಸ ವಿಧಾನ, ‘ಬಿ’ಯಲ್ಲಿ ಹಳೆಯದು, ವರ್ಷದ ಕೊನೆಗೆ ಸರಾಸರಿ ಹೋಲಿಸೋಣ ಎಂದು ಎಲ್ಲರಿಗೂ ಹೊಳೆಯುತ್ತದೆ. ಇದು ನಡೆಯುವುದಿಲ್ಲ. 40 ಮಕ್ಕಳ ಎರಡು ಸೆಕ್ಷನ್‌ಗಳ ಸರಾಸರಿಯಲ್ಲಿ ಬರಿಯ ಆಕಸ್ಮಿಕದಿಂದಲೇ 0.4ರಷ್ಟು ಅಂತರ ಬರಬಹುದು. ನಾವು ಹುಡುಕುತ್ತಿರುವುದು 0.1 ಅಥವಾ 0.2. ಅಕ್ಕಿ ಮೂಟೆ ತೂಗುವ ತಕ್ಕಡಿಯಲ್ಲಿ ಚಿನ್ನ ತೂಗಿದಂತಾಗುತ್ತದೆ. ಶಿಕ್ಷಕರೂ ಬೇರೆ ಬೇರೆಯಾದರೆ ಗೊಂದಲ ಇನ್ನಷ್ಟು.

ಇದಕ್ಕಿಂತ ಒಳ್ಳೆಯ ದಾರಿ, ಪ್ರತಿ ಮಗುವನ್ನೂ ಅದಕ್ಕೇ ಹೋಲಿಸುವುದು. ಎಂಟು ಘಟಕ ತೆಗೆದುಕೊಳ್ಳಿ. ‘ಎ’ ಸೆಕ್ಷನ್‌ಗೆ 1, 3, 5, 7ನೇ ಘಟಕಗಳಲ್ಲಿ ನೆನಪಿನ ಪ್ರಶ್ನೆ. 2, 4, 6, 8ರಲ್ಲಿ ಅಷ್ಟೇ ನಿಮಿಷ ಶಿಕ್ಷಕರಿಂದ ಪುನರಾವರ್ತನೆ. ‘ಬಿ’ಗೆ ಇದರ ತಿರುಗುಮುರುಗು. ಎರಡೂ ಕಡೆ ಸಮಯ ಸಮನಾಗಿರುವುದು ಮುಖ್ಯ. ಕೊನೆಯ ಘಟಕ ಮುಗಿದು ನಾಲ್ಕು ವಾರ ಬಿಟ್ಟು ಒಂದೇ ಪರೀಕ್ಷೆ: ಘಟಕಕ್ಕೆ ಐದರಂತೆ 40 ಪ್ರಶ್ನೆ. ಪ್ರಶ್ನೆಪತ್ರಿಕೆಯನ್ನು ಪ್ರಯೋಗ ಶುರುವಾಗುವ ಮೊದಲೇ, ಆ ಪಾಠ ಮಾಡದ ಶಿಕ್ಷಕರು ಬರೆದು ಮುಚ್ಚಿಡಲಿ. ದಿನದ ಪ್ರಶ್ನೆಗಳು ಅದರಲ್ಲಿ ಹಾಗೇ ಬರಬಾರದು. ಹೆಸರು, ಸೆಕ್ಷನ್ ಮುಚ್ಚಿ ಮೌಲ್ಯಮಾಪನ ಮಾಡಿ.

ಆಮೇಲೆ ಪ್ರತಿ ಮಗುವಿಗೂ ಎರಡು ಶೇಕಡಾವಾರು ಬರೆಯಿರಿ, ನೆನಪಿನ ಪ್ರಶ್ನೆ ಇದ್ದ ಘಟಕಗಳದ್ದು ಮತ್ತು ಇಲ್ಲದವುಗಳದ್ದು. ಒಂದರಿಂದ ಒಂದನ್ನು ಕಳೆಯಿರಿ. 80 ಮಕ್ಕಳ ಈ ವ್ಯತ್ಯಾಸಗಳ ಸರಾಸರಿ ಮತ್ತು ಮಾನಕ ವಿಚಲನೆಯನ್ನು ಯಾವ ಸ್ಪ್ರೆಡ್‌ಶೀಟ್ ಆದರೂ ಕೊಡುತ್ತದೆ. ಮಾನಕ ವಿಚಲನೆಯನ್ನು 80ರ ವರ್ಗಮೂಲದಿಂದ ಭಾಗಿಸಿ ಎರಡರಿಂದ ಗುಣಿಸಿ. ವಿಚಲನೆ 15 ಇದ್ದರೆ ಇದು ಸುಮಾರು 3.4 ಬರುತ್ತದೆ. ಸರಾಸರಿ ವ್ಯತ್ಯಾಸ ಇದಕ್ಕಿಂತ ದೊಡ್ಡದಿದ್ದರೆ ಆಕಸ್ಮಿಕ ಎನ್ನುವುದು ಕಷ್ಟ. ಚಿಕ್ಕದಿದ್ದರೆ ‘ಪ್ರಯೋಜನವಿಲ್ಲ’ ಎಂದು ಸಾಬೀತಾಯಿತೆಂದಲ್ಲ, ಈ ಅಳತೆಗೆ ಸಿಗಲಿಲ್ಲ ಎಂದಷ್ಟೇ. ಗೈರುಹಾಜರಿ ಹೆಚ್ಚಿರುವ ಮಕ್ಕಳನ್ನು ಲೆಕ್ಕದಿಂದ ಬಿಡಬೇಡಿ. ಅವರನ್ನು ಬಿಟ್ಟರೆ ಫಲಿತಾಂಶ ಸುಂದರವಾಗುತ್ತದೆ, ಸುಳ್ಳೂ ಆಗುತ್ತದೆ.

ಈ ತಂತ್ರ ಘಟಕವಾರು ಕಲಿಕೆಗೆ ಮಾತ್ರ ಒಪ್ಪುತ್ತದೆ. ಓದುವ ವೇಗ, ಹಾಜರಾತಿ, ನಡವಳಿಕೆಯಂಥ ಇಡೀ ಮಗುವಿನ ಮೇಲೆ ಹರಡುವ ವಿಷಯಗಳಿಗೆ ಒಪ್ಪದು. ಅವನ್ನು ತೂಗಲು ಹೆಚ್ಚು ಶಾಲೆಗಳು ಬೇಕು, ಅದು ಸಮಿತಿಯ ಕೆಲಸ.

ಸಮಿತಿಯಲ್ಲಿ

ಅತಿ ಹಿಂದುಳಿದ 20 ಶಾಲೆಗಳನ್ನು ಆರಿಸಿ ಕಾರ್ಯಕ್ರಮ ಕೊಟ್ಟು, ಮುಂದಿನ ವರ್ಷ ಅಂಕ ಏರಿತು ಎಂದು ಸಂಭ್ರಮಿಸುವುದು ಬಹಳ ಸಾಮಾನ್ಯ ಪ್ರಮಾದ. ಒಂದು ವರ್ಷದ ಪಟ್ಟಿಯ ತಳದಲ್ಲಿರುವ ಶಾಲೆಗಳಲ್ಲಿ ಕೆಲವು ಆ ವರ್ಷದ ದುರದೃಷ್ಟದಿಂದ ಅಲ್ಲಿರುತ್ತವೆ. ಏನೂ ಮಾಡದಿದ್ದರೂ ಮುಂದಿನ ವರ್ಷ ಸರಾಸರಿಯತ್ತ ಮರಳುತ್ತವೆ. ಪ್ರತಿಭಾವಂತ ಶಾಲೆಗಳಿಗೆ ಬಹುಮಾನ ಕೊಟ್ಟ ಮರುವರ್ಷ ಅವು ಕುಸಿದಂತೆ ಕಾಣುವುದೂ ಇದರಿಂದಲೇ.

ಹಣ ಎಲ್ಲರಿಗೂ ಸಾಲದಿರುವುದು ಇಲ್ಲಿ ಅನುಕೂಲಕ್ಕೇ ಬರುತ್ತದೆ. ಅರ್ಹವಾದ 200 ಶಾಲೆಗಳಲ್ಲಿ ಈ ವರ್ಷ 100ಕ್ಕೆ ಮಾತ್ರ ಸಾಧ್ಯವಿದ್ದರೆ ಎಲ್ಲರ ಎದುರು ಚೀಟಿ ಎತ್ತಿ. ಉಳಿದ 100ಕ್ಕೆ ಮುಂದಿನ ವರ್ಷ. ಶಿಫಾರಸಿನ ಗೊಂದಲ ತಪ್ಪುತ್ತದೆ, ಹೋಲಿಕೆ ಗುಂಪೂ ತಾನಾಗಿ ಸಿಗುತ್ತದೆ. ಎಷ್ಟು ಶಾಲೆ ಬೇಕು ಎಂಬುದಕ್ಕೆ ಒಂದು ಅಂದಾಜು: 0.2ರ ಪರಿಣಾಮವನ್ನು ಹತ್ತರಲ್ಲಿ ಎಂಟು ಸಲ ಹಿಡಿಯಬೇಕು, ಶಾಲೆಗೆ 40 ಮಕ್ಕಳ ಪರೀಕ್ಷೆ, ಅಂಕಗಳ ಏರಿಳಿತದಲ್ಲಿ ಐದನೇ ಒಂದು ಭಾಗ ಶಾಲೆ-ಶಾಲೆಯ ನಡುವಿನದು ಎಂದಿಟ್ಟುಕೊಂಡರೆ, ಒಂದೊಂದು ಗುಂಪಿಗೆ ಸುಮಾರು 86 ಶಾಲೆ. ಪೂರ್ವ ಪರೀಕ್ಷೆಯ ಅಂಕ ಕೈಯಲ್ಲಿದ್ದರೆ ಇದು ಅರ್ಧದ ಆಸುಪಾಸಿಗೆ ಇಳಿಯಬಹುದು. ಹತ್ತು ಹತ್ತು ಶಾಲೆಗಳಲ್ಲಿ ‘ಪೈಲಟ್’ ಮಾಡಿ ಅಂಕ ಹೋಲಿಸುವುದರಿಂದ ಏನೂ ತಿಳಿಯುವುದಿಲ್ಲ. ಹತ್ತು ಶಾಲೆ ಬಳಸುವುದಾದರೆ ಬೇರೆ ಪ್ರಶ್ನೆಗೆ ಬಳಸಿ: ಮೀಸಲು ಗಂಟೆ ನಡೆಯುತ್ತಿದೆಯೇ, ಶಿಕ್ಷಕರು ಎಲ್ಲಿ ಎಡವುತ್ತಿದ್ದಾರೆ, ಸಾಮಗ್ರಿ ಸಮಯಕ್ಕೆ ಬಂತೇ.

ಕೀನ್ಯಾದಲ್ಲಿ ಗುತ್ತಿಗೆ ಶಿಕ್ಷಕರ ಯೋಜನೆಯನ್ನು ಒಂದು ಕಡೆ ಸ್ವಯಂಸೇವಾ ಸಂಸ್ಥೆಯೂ ಇನ್ನೊಂದು ಕಡೆ ಸರ್ಕಾರವೂ ನಡೆಸುವಂತೆ ಪ್ರಯೋಗ ಮಾಡಿದಾಗ, ಸಂಸ್ಥೆ ನಡೆಸಿದ ಕಡೆ ಅಂಕ ಏರಿತು, ಸರ್ಕಾರ ನಡೆಸಿದ ಕಡೆ ಏರಲಿಲ್ಲ. ಪೈಲಟ್ ಅನ್ನು ಯಾರು ನಡೆಸಿದರು, ವಿಸ್ತರಿಸುವಾಗ ಯಾರು ನಡೆಸುತ್ತಾರೆ ಎಂಬ ಪ್ರಶ್ನೆಯನ್ನು ಸಭೆಯ ನಡಾವಳಿಯಲ್ಲೇ ಬರೆಸಿ. ತರಬೇತಿ ಮೇಲಿಂದ ಕೆಳಕ್ಕೆ ಮೂರು ನಾಲ್ಕು ಹಂತ ಇಳಿದು ಬರುವುದಾದರೆ ಕೊನೆಯ ಶಿಕ್ಷಕರಿಗೆ ತಲುಪುವುದು ಕಾರ್ಯಕ್ರಮದ ಹೆಸರು ಮಾತ್ರ. ತರಬೇತುದಾರರು ಮೊದಲು ತಾವೇ ಎರಡು ಮೂರು ವಾರ ಮಕ್ಕಳೊಂದಿಗೆ ಮಾಡಿರಲಿ ಎಂದು ಷರತ್ತು ಹಾಕಿ.

ಹೊಸದನ್ನು ಸೇರಿಸುವಾಗ ಯಾವುದನ್ನು ಬಿಡುತ್ತೀರಿ ಎಂದೂ ಅಲ್ಲೇ ತೀರ್ಮಾನಿಸಿ. ಶಿಕ್ಷಕರ ದಿನಕ್ಕೆ ಗಂಟೆಗಳು ಸೇರುವುದಿಲ್ಲ. ಬಿಡಲು ಮೊದಲ ಅರ್ಹತೆ ಇರುವುದು ಮಕ್ಕಳನ್ನು ‘ನೋಡಿ ಕಲಿಯುವವರು’, ‘ಕೇಳಿ ಕಲಿಯುವವರು’ ಎಂದು ವಿಂಗಡಿಸಿ ಬೇರೆ ಬೇರೆ ಪಾಠ ಮಾಡುವ ತರಬೇತಿಗಳಿಗೆ. ಪ್ಯಾಶ್ಲರ್ ಮತ್ತು ಸಂಗಡಿಗರು 2008ರಲ್ಲಿ ಹುಡುಕಿದಾಗ ಇದಕ್ಕೆ ತಕ್ಕ ಸಾಕ್ಷ್ಯ ಸಿಗಲಿಲ್ಲ.

ಕೊನೆಯದಾಗಿ, ಹಣ ಮಂಜೂರಾಗುವ ಮೊದಲು ಒಂದು ಪುಟ ಬರೆದು ಎಲ್ಲರ ಸಹಿ ಪಡೆಯಿರಿ. ಯಾವ ಮಕ್ಕಳ ಯಾವ ಕೊರತೆಗೆ, ಮುಟ್ಟಬಾರದ ಭಾಗಗಳು ಯಾವುವು, ಯಾವ ಪರೀಕ್ಷೆಯಿಂದ ಯಾವಾಗ ಅಳೆಯುತ್ತೇವೆ, ಎಷ್ಟು ಏರಿಕೆ ಕಂಡರೆ ವಿಸ್ತರಿಸುತ್ತೇವೆ, ಎಷ್ಟು ಕಾಣದಿದ್ದರೆ ನಿಲ್ಲಿಸುತ್ತೇವೆ ಎಂಬ ಐದು ವಿಷಯ ಅದರಲ್ಲಿ ಇರಲಿ. ಫಲಿತಾಂಶ ಬಂದ ಮೇಲೆ ಗುರಿ ಬದಲಿಸುವುದಕ್ಕೆ ಇದು ತಡೆ. ಶಿಕ್ಷಕರೋ ಅಧಿಕಾರಿಯೋ ಬದಲಾದಾಗ ಮುಂದೆ ಬರುವವರ ಕೈಗೆ ಕೊಡಬೇಕಾದದ್ದೂ ಈ ಪುಟವೇ. ಅದರ ಪ್ರತಿಯೊಂದನ್ನು ಶಾಲೆಯ ಕಡತದಲ್ಲೂ ಇಡಿ.